ನಿಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟಿನ ಹಿಸ್ಟರಿ ಬರಿಯೋದು ಹೆಂಗ: ಮೊದ್ಲ ನೆಲ ನೋಡ್ರಿ, ಆಮ್ಯಾಗ ಮಂದೀನ ಕೇಳ್ರಿ

ಹೋದ ವರ್ಷ ದಸರಾ ಆಜುಬಾಜು ನಮ್ಮ ಕಾಲೇಜಿನಿಂದ ಫೋನ್ ಬಂತು. ಜುಬಿಲಿ ಸುವನೀರ್ ತರಾಕತ್ತೇವಿ, ನೀವು ಟೀಮಿನಾಗ ಆಡಿದವ್ರು, ಬಾಸ್ಕೆಟ್‌ಬಾಲ್ ಕೋರ್ಟಿನ ಹಿಸ್ಟರಿ ಅಂತ ಒಂದ್ ಎರಡ್ ಪೇಜ್ ಬರದ್ ಕೊಡ್ರಿ ಅಂದ್ರು. ಎರಡ್ ಪೇಜ್ ಏನ್ ಮಹಾ, ಶನಿವಾರ ಸಂಜಿಕ ಕುಂತ್ರ ಮುಗೀತು ಅನ್ಕೊಂಡು ಹೂಂ ಅಂದೆ. ಎಂಟ್ ತಿಂಗಳು ಹಿಡೀತ್ರಿ. ಅದ್ರಾಗ ಮೊದಲನೇ ಎರಡ್ ತಿಂಗಳು ಪೂರಾ ವೇಸ್ಟ್, ಯಾಕಂದ್ರ ನಾ ಉಲ್ಟಾ ಹೋಗಿದ್ದೆ, ಮೊದ್ಲ ಮಂದೀನ ಕೇಳಿದೆ, ಆಮ್ಯಾಗ ಆಫೀಸಿನಾಗ ಫೈಲ್ ಹುಡುಕಿದೆ, ಎಲ್ಲಾ ಆದಮ್ಯಾಗ ಕೋರ್ಟಿಗೆ ಹೋಗಿ ನಿಂತೆ. ಮಾಡಬೇಕಾಗಿದ್ದು ಪೂರಾ ಇದರ ಉಲ್ಟಾ. ನೀವರ ಆ ತಪ್ಪ ಮಾಡಬ್ಯಾಡ್ರಿ ಅಂತ ಇದನ್ನ ಬರಿಯಾಕತ್ತೇನಿ.

ನಮ್ಮ ಕಡೆ ಶಿಕ್ಷಣ ಸಂಸ್ಥೆಗಳಿಗೆ ಛಲೋ ವಯಸ್ಸಾಗೇತಿ. ಬೆಳಗಾವಿ ಕೆಎಲ್ಇ 1916, ವಿಜಯಪುರದ ಬಿಎಲ್‌ಡಿಇ 1910, ಬಾಗಲಕೋಟಿ ಬಿವಿವಿ ಸಂಘ 1906. ಹಂಗಾಗಿ ವರ್ಷಕ್ಕೊಂದ್ ಯಾವುದರ ಕಾಲೇಜಿನ ಜುಬಿಲಿ ಇದ್ದ ಇರ್ತೈತಿ. ಸಂಸ್ಥೆ ಕಟ್ಟಿದವ್ರ ಫೋಟೋ, ಮೊದಲನೇ ಪ್ರಿನ್ಸಿಪಾಲರ ಹೆಸರು, ಎಲ್ಲಾ ಸಿಗ್ತಾವು. ಸಾವಿರಾರು ಹುಡುಗ್ರು ಮಂಡಿ ಕೆತ್ತಿಸಿಕೊಂಡ ಕೋರ್ಟಿನ ಬಗ್ಗೆ ಒಂದ್ ಸಾಲು ಸಿಗಂಗಿಲ್ಲ. ಮ್ಯಾಲೆ ಈಗ ಎಲ್ಲಾ ಕಡೆ ಪಾರ್ಕಿಂಗ್ ಜಾಗದ್ದ ಜಗಳ, ಖಾಲಿ ಕಾಣೋ ಸಿಮೆಂಟ್ ನೆಲ ಅಂದ್ರ ಮೊದಲ ಕಣ್ಣು ಅದರ ಮ್ಯಾಲೆ. ಬರದಿಟ್ಟ ಹಿಸ್ಟರಿ ಇದ್ರ ಕೈ ಹಚ್ಚಾಕ ಸ್ವಲ್ಪರ ಹಿಂದ ಮುಂದ ನೋಡ್ತಾರ.

ಮೊದ್ಲ ನೆಲ

ತಗೊಂಡ್ ಹೋಗಬೇಕಾಗಿದ್ದು: 30 ಮೀಟರಿನ ಟೇಪು (ಗೌಂಡಿ ಕಡೆ ಇಲ್ಲಾ ಸಿವಿಲ್ ಕಾಂಟ್ರಾಕ್ಟರ್ ಕಡೆ ಸಿಗ್ತೈತಿ, ನಮ್ಮ ಮನ್ಯಾಗಿನ ಟೇಲರ್ ಟೇಪ್ ನಡ್ಯಂಗಿಲ್ಲ), ಚಾಕ್‌ಪೀಸು, ದಾರಕ್ಕ ಕಟ್ಟಿದ ಒಂದ್ ಗುಂಡು, ಗ್ರಾಫ್ ಪೇಪರು, ಮತ್ತ ಟೇಪಿನ ಇನ್ನೊಂದ್ ತುದಿ ಹಿಡ್ಯಾಕ ಒಬ್ರು ಗೆಳತಿ. ಹೋಗೂದು ಬೆಳಿಗ್ಗೆ, ಬಿಸಿಲು ಇನ್ನಾ ಅಡ್ಡ ಬೀಳೂ ಹೊತ್ತಿನಾಗ. ಮಧ್ಯಾಹ್ನ ಹೋದ್ರ ಏನೂ ಕಾಣಂಗಿಲ್ಲ, ಎಲ್ಲಾ ಬೆಳ್ಳಗ. ಅಡ್ಡ ಬಿಸಿಲಿನಾಗ ಮಾತ್ರ ಮ್ಯಾಲಿನ ಬಣ್ಣದ ಕೆಳಗ ಹೂತಿರೋ ಹಳೇ ಗೆರಿ ಸಣ್ಣಗ ಉಬ್ಬಿಕೊಂಡು ನೆರಳು ಬಿಟ್ಟು ಕಾಣ್ತಾವು. ನಮ್ಮ ಬೆಳಗಾವಿ ಮಳಿ ಗೊತ್ತಲ್ಲ, ಜೂನಿಂದ ಸಪ್ಟಂಬರ್ ತನಕಾ ಕೋರ್ಟ್ ಮ್ಯಾಲೆ ಪಾಚಿ, ಕಾಲಿಟ್ರ ಜಾರ್ತೈತಿ. ಅದಕ್ಕ ಅಕ್ಟೋಬರ್ ನವಂಬರ್ ಛಲೋ. ಆದ್ರ ಮಳಿಗಾಲದಾಗೂ ಒಮ್ಮೆ ಹೋಗಿ ನಿಂತ್ ನೋಡ್ರಿ, ನೀರು ಎಲ್ಲಿ ನಿಲ್ತೈತಿ, ಯಾವ ಕಡೆ ಹರೀತೈತಿ ಅಂತ, ಯಾಕಂದ್ರ ನೆಲಕ್ಕ ಎಲ್ಲೆಲ್ಲಿ ತ್ಯಾಪಿ ಹಚ್ಚ್ಯಾರ ಅನ್ನೂದು ನೀರು ಹೇಳಿದಷ್ಟು ಯಾವ ರಜಿಸ್ಟರೂ ಹೇಳಂಗಿಲ್ಲ.

ಈಗ ಗೆರಿ ಓದೋದು. ಇದು ನನಗ ಭಾಳ ಖುಷಿ ಕೊಟ್ಟ ಭಾಗ, ಹಂಗಾಗಿ ಇಲ್ಲಿ ಜರಾ ಉದ್ದ ಮಾತಾಡ್ತೇನಿ.

ರಿಂಗಿನ ಮುಂದ ಇರೋ ಆ ಪೇಂಟ್ ಏರಿಯಾ, ನಾವು ತ್ರೀ-ಸೆಕೆಂಡ್ ಏರಿಯಾ ಅಂತಿದ್ವಿ, ಈಗ ಅದು ಆಯತ, 4.9 ಮೀಟರ್ ಅಗಲ, 5.8 ಮೀಟರ್ ಉದ್ದ. ಆದ್ರ 2010ರ ತನಕಾ ಇಂಟರ್‌ನ್ಯಾಶನಲ್ ರೂಲಿನಾಗ ಅದು ಹಂಗಿರಲಿಲ್ಲ, ಬಕೇಟ್ ಬೋರಲ ಹಾಕಿ ಇಟ್ಟಂಗ ಇತ್ತು, ರಿಂಗಿನ ಕಡೆ 6 ಮೀಟರ್ ಅಗಲ, ಫ್ರೀ ಥ್ರೋ ಗೆರಿ (ಫೌಲ್ ಆದಾಗ ನಿಂತು ಬಾಲ್ ಹಾಕೂ ಗೆರಿ) ಕಡೆ 3.6 ಮೀಟರ್. ಆ ಬಕೇಟ್ ಆಕಾರ ಬಂದಿದ್ದು 1956ರ ಮ್ಯಾಲೆ. ತ್ರೀ ಪಾಯಿಂಟ್ ಗೆರಿ (ಅದರ ಹೊರಗಿಂದ ಹಾಕಿದ್ರ ಮೂರ್ ಪಾಯಿಂಟ್) ಬಂದಿದ್ದು 1984ಕ್ಕ, ಆವಾಗ ಅದು ರಿಂಗಿಂದ 6.25 ಮೀಟರ್ ದೂರ, 2010ಕ್ಕ 6.75 ಆತು. ರಿಂಗಿನ ಕೆಳಗ ಈಗ ಕಾಣೋ ಸಣ್ಣ ಅರ್ಧ ಚಂದ್ರನೂ 2010ದ್ದ. ಹಂಗಂದ್ರ ನಿಮ್ಮ ಕೋರ್ಟಿನ ಕೆಳಗಿನ ಪದರಿನಾಗ ಬಕೇಟ್ ಐತಿ, ತ್ರೀ ಪಾಯಿಂಟ್ ಇಲ್ಲಾ ಅಂದ್ರ ಅದು ಹಳೇ ರೂಲಿನ ಗೆರಿ. ಬಕೇಟ್ ಐತಿ, 6.25ರ ಅರ್ಧ ಸುತ್ತೂ ಐತಿ ಅಂದ್ರ 1984ರ ಮ್ಯಾಲಿನದು. 4.9 ಮೀಟರ್ ಅಗಲದ ಆಯತ ಐತಿ ಅಂದ್ರ ನಿನ್ನೆ ಮೊನ್ನೆದು.

ಒಂದ್ ಮಾತು ನೆನಪಿಡ್ರಿ, ಇಲ್ಲೇ ನಾನು ಎಡವಿದ್ದು. ರೂಲ್ ಬದ್ಲಾದ ವರ್ಷ ನಮ್ಮ ಊರಾಗ ಬಣ್ಣ ಬದ್ಲಾಗಂಗಿಲ್ಲ. ಪಿ.ಡಿ. ಸರ್ (ಫಿಸಿಕಲ್ ಡೈರೆಕ್ಟರ್, ಆಟದ ಮಾಸ್ತರು) ಲೆಟರ್ ಬರೀಬೇಕು, ಬಜೆಟ್ ಪಾಸಾಗಬೇಕು, ಪೇಂಟರ್ ಬರಬೇಕು, ಅಷ್ಟರಾಗ ನಾಕ್ ಬ್ಯಾಚ್ ಪಾಸೌಟ್ ಆಗಿರ್ತಾವು. ಹಂಗಾಗಿ ಗೆರಿ ನಿಮಗ "ಈ ವರ್ಷದ್ದು" ಅಂತ ಹೇಳಂಗಿಲ್ಲ, "ಈ ವರ್ಷಕ್ಕಿಂತ ಮೊದಲಿಂದ ಅಲ್ಲ" ಅಂತ ಇಷ್ಟ ಹೇಳ್ತೈತಿ. ಹಂಗ ಬರೀರಿ, ಜಾಸ್ತಿ ಶ್ಯಾಣ್ಯಾತನ ಬ್ಯಾಡ.

ನಮ್ಮ ಕೋರ್ಟಿನಾಗ ಏನಾತಂದ್ರ, ಫ್ರೀ ಥ್ರೋ ಗೆರಿ ಎಡಗಡೆ ಮೂಲ್ಯಾಗ ಬಣ್ಣ ಅಂಗೈ ಅಗಲ ಎದ್ದಿತ್ತು. ಮ್ಯಾಲೆ ಬಿಳಿ, ಅದರ ಕೆಳಗ ತಿಳಿ ಹಸಿರು, ಅದರ ಕೆಳಗ ಸಾಸಿವಿ ಹೂವಿನಂಥ ಹಳದಿ. ಹಳದಿ ಗೆರಿ ಸೊಟ್ಟ ಹೋಗಿತ್ತು. ಯಾರೋ ಕುಡದ್ ಹಾಕಿರಬೇಕು ಅಂತ ನಗಾಡಿದ್ವಿ, ಆಮ್ಯಾಗ ಟೇಪ್ ಹಿಡದ್ ನೋಡಿದ್ರ ಸೊಟ್ಟ ಅಲ್ಲ, ಅದು ಬಕೇಟಿನ ಓರೆ ಗೆರಿ! ನಾನು ಸೆಕೆಂಡ್ ಇಯರಿನಾಗ ನಿಂತು ರಿಬೌಂಡಿಗೆ ಜಗಳಾಡಿದ ಗೆರಿ ಅದು, ನನ್ನ ಕಣ್ಣಿಗೇ ಗುರ್ತು ಸಿಕ್ಕಿರಲಿಲ್ಲ. ಬಣ್ಣ ಉಗುರಿನಿಂದ ಕೆರೀಬ್ಯಾಡ್ರಿ ಮತ್ತ, ಎದ್ದಲ್ಲಿ ನೋಡಿ ಫೋಟೋ ಹೊಡ್ಕೊರಿ, ಪಕ್ಕಕ್ಕ ಒಂದ್ ಸ್ಕೇಲ್ ಇಟ್ಟು.

ಆಮ್ಯಾಗ ರಿಂಗಿನ ಎತ್ತರ. ರೂಲ್ ಪ್ರಕಾರ 3.05 ಮೀಟರ್, ಅಂದ್ರ 10 ಫೂಟು. ರಿಂಗಿನಿಂದ ದಾರ ಬಿಟ್ಟು ಅಳೀರಿ. ನಮ್ದು 2.97 ಬಂತು. ರಿಂಗ್ ಇಳಿದಿಲ್ಲ, ನೆಲ ಏರೇತಿ! ಕಂಬ ಹಳೇದ ಇಟ್ಕೊಂಡು ನೆಲದ ಮ್ಯಾಲೆ ನೆಲ ಹಾಕ್ಕೋತ ಬಂದಾರ, ಎಂಟ್ ಸೆಂಟಿಮೀಟರ್ ಅದ್ರಾಗ ಹೋಗೇತಿ. ನಮ್ಮ ಬ್ಯಾಚಿನವ್ರಿಗೆ ಹೇಳಿದೆ, ಒಬ್ಬಾಕಿ "ಅದಕ್ಕ ನೋಡ, ನಮ್ಮ ಹೊಸಾ ಹುಡುಗ್ರು ರಿಂಗ್ ಮುಟ್ತೇವಿ ಅಂತ ಹಾರಾಡ್ತಾವು" ಅಂದ್ಲು. ಬೋರ್ಡಿನ ಅಳತಿನೂ ತಗೋರಿ. ಈಗಿನ ಬೋರ್ಡ್ 1.80 ಇಂಟು 1.05 ಮೀಟರ್, ಹಳೇವು 1.80 ಇಂಟು 1.20. ಕಟ್ಟಿಗಿ ಬೋರ್ಡ್ ಇನ್ನಾ ಸ್ಟೋರ್ ರೂಂನಾಗ ಇದ್ರ ಅದರ ಬೆನ್ನ ಹಿಂದ ನೋಡ್ರಿ, ಬಡಿಗ್ಯಾ ಪೆನ್ಸಿಲಿನಾಗ ಏನಾರ ಬರದಿರ್ತಾನ. ಕೋರ್ಟಿನ ಅಳತಿ ಈಗ 28 ಇಂಟು 15, ಹಳೇ ಕಾಲದಾಗ 26 ಇಂಟು 14 ಇರ್ತಿತ್ತು. ಆ ಎರಡ್ ಮೀಟರ್ ಹೆಚ್ಚು ಎಲ್ಲಿಂದ ಬಂತು ಅಂತ ಹುಡುಕಿದ್ರ ಹಳೇ ಕಂಬ ಕೊಯ್ದ ಬುಡ ಸಿಗ್ತೈತಿ. ನಮ್ಮಲ್ಲಿ ಸಿಕ್ತು, ನೆಲದ ಸಮಕ್ಕ ಕೊಯ್ದು ಸಿಮೆಂಟ್ ತುಂಬಿದ ಕಬ್ಬಿಣದ ಪೈಪು, ದೊಡ್ಡ ರೊಟ್ಟಿಯಷ್ಟು ಸುತ್ತು, ಅದರ ಮ್ಯಾಲೆ ಇಪ್ಪತ್ ವರ್ಷದಿಂದ ಹುಡುಗ್ರು ನೀರಿನ ಬಾಟ್ಲಿ ಇಡ್ತಾರ.

ಕಂಪ್ಯೂಟರಿನಾಗ ಗೂಗಲ್ ಅರ್ಥ್ ಪ್ರೋ ಹಾಕ್ಕೊಂಡ್ರ ಹಳೇ ಸ್ಯಾಟಲೈಟ್ ಫೋಟೋನೂ ನೋಡಬಹುದು, ಮ್ಯಾಲೆ ಗಡಿಯಾರದ ಗುರ್ತು ಐತಿ ನೋಡ್ರಿ ಅದನ್ನ ಒತ್ತಿದ್ರ ವರ್ಷದ ಮ್ಯಾಲೆ ವರ್ಷ ಹಿಂದ ಹೋಗ್ತೈತಿ. ಕೋರ್ಟಿನ ಬಣ್ಣ ಕೆಂಪಿಂದ ಹಸಿರಾಗಿದ್ದು, ಗಿಡ ಕಡದಿದ್ದು, ಪಕ್ಕದ ಬಿಲ್ಡಿಂಗ್ ಬಂದಿದ್ದು ಎಲ್ಲಾ ಮ್ಯಾಲಿಂದ ಕಾಣ್ತೈತಿ.

ಇಷ್ಟೆಲ್ಲಾ ಗ್ರಾಫ್ ಪೇಪರಿನಾಗ ಹಾಕ್ಕೊಂಡ ಮ್ಯಾಲೆ ಆಫೀಸಿಗೆ ಹೋಗ್ರಿ. ಈಗ ನಿಮ್ಮ ಕೈಯಾಗ ಪ್ರಶ್ನೆ ಅದಾವು.

ಆಫೀಸು

"ಹಳೇ ಸ್ಪೋರ್ಟ್ಸ್ ಫೈಲ್ ಕೊಡ್ರಿ" ಅಂದ್ರ ಇಲ್ಲಾ ಅಂತಾರ. ಹಂಗ ಕೇಳಬ್ಯಾಡ್ರಿ. ಹೆಸರು ಹಿಡದ್ ಕೇಳ್ರಿ: ಜಿಮಖಾನಾದ ಡೆಡ್ ಸ್ಟಾಕ್ ರಜಿಸ್ಟರು, ಜಿಮಖಾನಾ ಫೀ ಖರ್ಚಿನ ಲೆಜರು, ಕಾಲೇಜ್ ಮಿಸಲೆನಿ (ಕಾಲೇಜಿನ ವಾರ್ಷಿಕ ಪತ್ರಿಕಿ) ಹಳೇ ಸಂಚಿಕಿಗಳು, ಗ್ಯಾದರಿಂಗ್ ರಿಪೋರ್ಟು. ಡೆಡ್ ಸ್ಟಾಕ್ ರಜಿಸ್ಟರಿನಾಗ ಕಂಬ, ಬೋರ್ಡು, ರಿಂಗು ಯಾವ ತಾರೀಖಿಗೆ ತಗೊಂಡ್ರು, ಯಾವಾಗ ಗುಜರಿಗೆ ಹಾಕಿದ್ರು ಅಂತ ಸಾಲಿಗೆ ಸಾಲು ಇರ್ತೈತಿ. ಕೋರ್ಟಿನ ಜನ್ಮ ಕುಂಡಲಿ ಅಂದ್ರ ಇದ.

ಸಿಮೆಂಟಿನ ಕಾಗದ ಸಿಕ್ಕೀತು ಅಂತ ಕಣ್ಣಿಡ್ರಿ. ನಮ್ಮ ದೇಶದಾಗ 1982ರ ತನಕಾ ಸಿಮೆಂಟ್ ಪೂರಾ ಕಂಟ್ರೋಲಿನಾಗ ಇತ್ತು, ಪರ್ಮಿಟ್ ಇಲ್ದ ಚೀಲ ಸಿಗ್ತಿರಲಿಲ್ಲ, ಪೂರ್ತಿ ಬಿಟ್ಟಿದ್ದು 1989ಕ್ಕ. ಹಂಗಾಗಿ ನಿಮ್ಮ ಕೋರ್ಟು ಅಷ್ಟ್ ವರ್ಷ ಮಣ್ಣಿಂದ ಯಾಕ ಉಳೀತು ಅಂದ್ರ ಆಟದ ಮ್ಯಾಲೆ ಪ್ರೀತಿ ಕಡಿಮಿ ಇತ್ತು ಅಂತಲ್ಲ, ಸಿಮೆಂಟ್ ಹಾಸ್ಟೆಲ್ಲಿಗೋ ಲ್ಯಾಬಿಗೋ ಮೊದ್ಲ ಹೋಗಿರ್ತಿತ್ತು. ಇಂಥಾ ತಾಪತ್ರಯ ನಮ್ಮಷ್ಟಕ್ಕ ಅಲ್ಲ. ಅಮೆರಿಕಾದ ಕ್ಯಾನ್ಸಸ್ ಯೂನಿವರ್ಸಿಟಿ ಅಲೆನ್ ಫೀಲ್ಡ್‌ಹೌಸ್ ಐತಲ್ಲ, ಹದಿನೈದ್ ಸಾವಿರಕ್ಕಿಂತ ಜಾಸ್ತಿ ಮಂದಿ ಹಿಡಿಸೋ ದೊಡ್ಡ ಬಾಸ್ಕೆಟ್‌ಬಾಲ್ ಅರೀನಾ, ಅದನ್ನ ಕಟ್ಟೂ ಮುಂದ ಕೊರಿಯಾ ಯುದ್ಧ ನಡದಿತ್ತು, ಸ್ಟೀಲ್ ಸಿಗ್ತಿರಲಿಲ್ಲ. ಅದಕ್ಕ ಅವರೇನು ಮಾಡಿದ್ರು, ಮಿಲಿಟರಿ ಸಾಮಾನು ಇಡಾಕೂ ಇದ್ರಾಗ ಜಾಗ ಕೊಡ್ತೇವಿ ಅಂತ ಪ್ಲಾನಿನಾಗ ಸೇರಿಸಿ ಸ್ಟೀಲ್ ಬಿಡಿಸ್ಕೊಂಡ್ರು, 1955ರ ಮಾರ್ಚ್ 1ಕ್ಕ ಓಪನ್ ಆತು. ನಿಮ್ಮ ಕೋರ್ಟು ಹಿಂಗ ಯಾಕೈತಿ ಅಂತ ಕೇಳಿದಾಗೆಲ್ಲ ಮೊದ್ಲ ರೊಕ್ಕ ಮತ್ತ ಸಾಮಾನಿನ ಕಡೆ ನೋಡ್ರಿ, ಮಹಾಪುರುಷರ ಕಡೆ ಆಮ್ಯಾಗ.

ಟೂರ್ನಮೆಂಟಿನ ರೆಕಾರ್ಡ್ ಹುಡುಕೋರಿಗೆ ಒಂದ್ ಗುಟ್ಟು. ನಿಮ್ಮ ಕಾಲೇಜು ಯಾವ ಯೂನಿವರ್ಸಿಟಿ ಕೆಳಗಿತ್ತು ಅನ್ನೂದು ಕಾಲಕ್ಕ ತಕ್ಕಂಗ ಬದ್ಲಾಗೇತಿ. ಬೆಳಗಾವಿ ಕಡೆ ಹಳೇ ಕಾಲೇಜುಗಳು ಮೊದ್ಲ ಬಾಂಬೆ ಯೂನಿವರ್ಸಿಟಿಗೆ ಸೇರಿದ್ವು, 1949ಕ್ಕ ಕರ್ನಾಟಕ ಯೂನಿವರ್ಸಿಟಿ ಹುಟ್ಟಿದ ಮ್ಯಾಲೆ ಧಾರವಾಡಕ್ಕ, 2010ರಿಂದ ರಾಣಿ ಚನ್ನಮ್ಮಾ ಯೂನಿವರ್ಸಿಟಿಗೆ. ಇಂಜಿನಿಯರಿಂಗ್ ಆದ್ರ 1998ರಿಂದ ವಿಟಿಯು. ಅಂದ್ರ ನಿಮ್ಮ ಕಾಲೇಜಿನ ಒಬ್ರು ಯೂನಿವರ್ಸಿಟಿ ಬ್ಲೂ (ಯೂನಿವರ್ಸಿಟಿ ಟೀಮಿಗೆ ಆಡಿದವ್ರು) ಆಗಿದ್ರು ಅಂತ ಯಾರರ ಹೇಳಿದ್ರ ಮೊದ್ಲ ಯಾವ ವರ್ಷ ಅಂತ ಕೇಳ್ರಿ, ಆಮ್ಯಾಗ ಯಾವ ಊರಿನ ಬಸ್ ಹಿಡೀಬೇಕು ಅಂತ ಗೊತ್ತಾಗ್ತೈತಿ. ಪೇಪರಿನಾಗ ಹುಡುಕೋದಿದ್ರ ಕನ್ನಡ ಪೇಪರಷ್ಟ ನೋಡಿ ಬಿಡಬ್ಯಾಡ್ರಿ. ಬೆಳಗಾವಿಯಾಗ ಮರಾಠಿ ಪೇಪರ್ ಹಳೇವು, ತರುಣ ಭಾರತ 1919ರಿಂದ ಐತಿ. ಮರಾಠಿ ಓದಾಕ ಬರೂದಿಲ್ಲಾಂದ್ರ ಬರೋ ಗೆಳತೀನ ಕರ್ಕೊಂಡ್ ಹೋಗ್ರಿ, ಒಂದ್ ಪ್ಲೇಟ್ ಮಿಸಳ ಕೊಡಸ್ರಿ.

ಮತ್ತ ಆ ಕಲ್ಲಿನ ಫಲಕ. ನಮ್ಮ ಕೋರ್ಟಿನ ಪಕ್ಕದ ಮೆಟ್ಟಲಾ ಮ್ಯಾಲೆ ಉದ್ಘಾಟನೆ ಅಂತ ಒಂದ್ ಫಲಕ ಐತಿ, ನಾನು ಮೊದಲನೇ ಡ್ರಾಫ್ಟಿನಾಗ ಆ ವರ್ಷನ ಕೋರ್ಟ್ ಹುಟ್ಟಿದ್ದು ಅಂತ ಬರದ್ ಕೊಟ್ಟೆ. ಕೊಟ್ಟ ಎರಡನೇ ದಿನಕ್ಕ ಒಬ್ರು ರಿಟೈರ್ಡ್ ಸರ್ ಫೋನ್ ಮಾಡಿ "ಅದು ಕೋರ್ಟಿಂದಲ್ಲವಾ, ಮೆಟ್ಟಲಿಂದು. ಕೋರ್ಟಿನಾಗ ನಾನ ಅದಕ್ಕಿಂತ ಹನ್ನೊಂದ್ ವರ್ಷ ಮೊದ್ಲ ಆಡೇನಿ" ಅಂದ್ರು. ಫಲಕ ಯಾವುದಕ್ಕ ಹಚ್ಚ್ಯಾರ ಅಂತ ನೋಡದ ಬರೀಬ್ಯಾಡ್ರಿ ಮಾರಾಯ್ರ.

ಮಂದಿ, ಅದ್ರಾಗೂ ಮೊದ್ಲ ಪ್ಯೂನ್ ಕಾಕಾ

ಹಿಸ್ಟರಿ ಅಂದ್ ಕೂಡ್ಲೆ ಎಲ್ಲಾರೂ ಹಳೇ ಕ್ಯಾಪ್ಟನ್, ಹಳೇ ಪ್ರಿನ್ಸಿಪಾಲ್ ಕಡೆ ಓಡ್ತಾರ. ಓಡ್ರಿ, ಆದ್ರ ಮೊದ್ಲ ಗ್ರೌಂಡ್ ನೋಡ್ಕೋತಿದ್ದ ಕಾಕಾನ ಹುಡುಕ್ರಿ. ಈ ಆಟನ ಹಂಗ ಹುಟ್ಟೇತಿ. 1891ರ ಡಿಸೆಂಬರಿನಾಗ ಅಮೆರಿಕಾದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ಟ್ರೇನಿಂಗ್ ಸ್ಕೂಲಿನಾಗ ಜೇಮ್ಸ್ ನೇಸ್ಮಿತ್ ಅನ್ನೂ ಮಾಸ್ತರು ಥಂಡಿ ದಿನದಾಗ ಹುಡುಗ್ರಿಗೆ ಒಳಗ ಆಡ್ಸಾಕ ಒಂದ್ ಆಟ ಹುಡುಕಿ, ಅಲ್ಲಿ ಕೆಲಸದಾಂವಗ ಎರಡ್ ಡಬ್ಬಿ ತಾರಪ್ಪಾ ಅಂದ್ರು. ಡಬ್ಬಿ ಇಲ್ರಿ, ಪೀಚ್ ಹಣ್ಣಿನ ಬುಟ್ಟಿ ಅದಾವ ನೋಡ್ರಿ ಅಂತ ಅಂವ ಬುಟ್ಟಿ ತಂದ. ಅವನ್ನ ಬಾಲ್ಕನಿ ಕಟಾಂಜನಕ್ಕ ಮೊಳಿ ಹೊಡದ್ರು, ಆ ಕಟಾಂಜನ 10 ಫೂಟ್ ಎತ್ತರ ಇತ್ತು, ಇವತ್ತಿಗೂ ರಿಂಗು 10 ಫೂಟ. ಡಬ್ಬಿ ಸಿಕ್ಕಿದ್ರ ಆಟಕ್ಕ ಏನ್ ಹೆಸರಿರ್ತಿತ್ತೋ. ಅದ ನೇಸ್ಮಿತ್ 1898ಕ್ಕ ಕ್ಯಾನ್ಸಸ್ಸಿಗೆ ಹೋದ್ರು, ಅಲೆನ್ ಫೀಲ್ಡ್‌ಹೌಸಿನ ನೆಲಕ್ಕ ಅವರದ ಹೆಸರು, ಬಿಲ್ಡಿಂಗಿಗೆ ಅವರ ಶಿಷ್ಯ ಫಾಗ್ ಅಲೆನ್ ಹೆಸರು.

ಕೇಳೂ ರೀತಿ ಬಗ್ಗೆ. ನಾನು ಮೊದ್ಲ ನಮ್ಮ ಕಾಕಾನ ಮನಿಗೆ ಹೋಗಿ, ಚಾ ಕುಡದು, ಫೋನ್ ರೆಕಾರ್ಡಿಂಗಿಗೆ ಹಾಕಿ, "ಕಾಕಾ, ಮೊದ್ಲ ಕೋರ್ಟ್ ಹೆಂಗಿತ್ರಿ?" ಅಂತ ಕೇಳಿದೆ. "ಛಲೋ ಇತ್ತವಾ" ಅಂದ್ರು. ಮುಗೀತು. ಅರ್ಧ ತಾಸು ಕುಂತೆ, ಮೊಮ್ಮಗನ ನೌಕರಿ ಬಗ್ಗೆನ ಮಾತಾಡಿದ್ರು. ಎರಡನೇ ಸಲ ಅವ್ರನ್ನ ರಿಕ್ಷಾದಾಗ ಕರ್ಕೊಂಡು ಕೋರ್ಟಿಗ ತಂದೆ. ಇಳದವ್ರ ಸೀದಾ ಆ ಕೊಯ್ದ ಪೈಪಿನ ಕಡೆ ನಡದ್ರು, ಚಪ್ಪಲಿ ತೆಗದು ಹೆಬ್ಬಟ್ಟಿಲೆ ಒತ್ತಿದ್ರು. "ಇಲ್ಲೇ ಇತ್ ನೋಡ ತಂಗಿ ಹಳೇ ಕಂಬ. ಮಣ್ಣಿನ ಕೋರ್ಟ್ ಇದ್ದಾಗಿಂದು. ಮುಂಜಾನೆ ಐದಕ್ಕ ಬಂದು ಶಗಣಿ ನೀರು ಹೊಡೀತಿದ್ದೆ, ಆಮ್ಯಾಗ ಕಲ್ಲಿನ ರೋಲರ್, ಆಮ್ಯಾಗ ಸುಣ್ಣ. ಸುಣ್ಣದ ಗೆರಿ ಹೆಂಗ ಎಳೀತಿದ್ದೆ ಗೊತ್ತೇನ, ಹಗ್ಗ ಸುಣ್ಣದಾಗ ಅದ್ದಿ ಎರಡೂ ಕಡೆ ಮೊಳಿಗೆ ಬಿಗದು ನಡಬರಕ ಹಿಡದ್ ಎತ್ತಿ ಬಿಟ್ರ ಪಟ್ ಅಂತ ಬೀಳ್ತಿತ್ತು, ಸೂತಾ ಸರಳ." ಅಂದು ಬಗ್ಗಿ, ಇಲ್ಲದ ಹಗ್ಗ ಎತ್ತಿ ಬಿಟ್ಟು ತೋರ್ಸಿದ್ರು. ನಾನು ವೀಡಿಯೋ ಮಾಡೋದ ಮರ್ತು ಬಾಯಿ ತಗದ್ ನಿಂತಿದ್ದೆ.

ಹಂಗಾಗಿ ಮಂದೀನ ಕೋರ್ಟಿಗೆ ಕರ್ಕೊಂಡ್ ಬರ್ರಿ, ಕೈಯಾಗ ಒಂದ್ ಬಾಲ್ ಕೊಡ್ರಿ. ಬಾಯಿ ಮರ್ತಿದ್ದು ಕೈ ಕಾಲಿಗೆ ನೆನಪಿರ್ತೈತಿ. "ಇತಿಹಾಸ ಹೇಳ್ರಿ" ಅನಬ್ಯಾಡ್ರಿ, "ಮಳಿ ಬಂದ್ರ ಏನ್ ಮಾಡ್ತಿದ್ರಿ?", "ಬಾಲ್ ಕಂಪೌಂಡ್ ದಾಟಿದ್ರ ಯಾರು ತರ್ತಿದ್ರು?", "ಶೂ ಇಲ್ದ ಆಡಿದ್ರೇನು?" ಅಂತ ಕೇಳ್ರಿ. ಮಳಿ ಬಗ್ಗೆ ಕೇಳಿದಾಗ ಒಬ್ರು ಹಿರೇರು, ಕೆಸರಿನಾಗ ಡ್ರಿಬಲ್ ಆಗ್ತಿರಲಿಲ್ಲ, ಬರೇ ಪಾಸ್ ಮಾಡ್ಕೋತ ಆಡಿ ಮ್ಯಾಚ್ ಮುಗಿಸಿದ್ವಿ, ಎರಡೂ ಕಡೆ ಸೇರಿ ಇಪ್ಪತ್ತೂ ಆಗಿರಲಿಲ್ಲ ಅಂದ್ರು. ನಂಬಲೇ ಬ್ಯಾಡಾ ಅಂತ ಇದ್ದೆ. ಆಮ್ಯಾಗ ನೆನಪಾತು, 1936ರ ಬರ್ಲಿನ್ ಒಲಿಂಪಿಕ್ಸ್ ಫೈನಲ್ ಹೊರಗ ಮಣ್ಣಿನ ಟೆನಿಸ್ ಕೋರ್ಟಿನಾಗ ಮಳಿಯಾಗ ನಡದಿತ್ತು, ಅಮೆರಿಕಾ 19, ಕೆನಡಾ 8. ಒಲಿಂಪಿಕ್ಸಿನಾಗ ಹಂಗಾಗಿದ್ರ ನಮ್ಮ ಬೆಳಗಾವಿ ತಿಳಕವಾಡಿಯಾಗ ಯಾಕ ಆಗಬಾರ್ದು.

ಯಾವ ಭಾಷಾದಾಗ ಅವ್ರು ಬೈತಾರೋ ಅದ ಭಾಷಾದಾಗ ರೆಕಾರ್ಡ್ ಮಾಡ್ರಿ. ನಮ್ಮ ಊರಾಗ ಒಂದ ಟೀಮಿನಾಗ ಕನ್ನಡ, ಮರಾಠಿ, ಕೊಂಕಣಿ, ಕ್ಯಾಂಪಿನ ಉರ್ದು ಎಲ್ಲಾ ಇರ್ತಿದ್ವು, "ಪಾಸ್ ಕೊಡ"ಕ್ಕ ನಾಕ್ ಥರ ಇತ್ತು. ಅದನ್ನೆಲ್ಲ ಪುಸ್ತಕದ ಕನ್ನಡ ಮಾಡಿ ಇಸ್ತ್ರಿ ಹೊಡದ್ರ ಜೀವನ ಹೋಗ್ತೈತಿ.

ಹುಡುಗ್ಯಾರ ಟೀಮು ಬಿಟ್ಟು ಹೋಗ್ತೈತಿ, ಇದನ್ನ ನಾ ಬರದ್ ಕೊಡ್ತೇನಿ. ಹಳೇ ಮಿಸಲೆನಿಯಾಗ ಗಂಡ್ ಹುಡುಗ್ರ ಟೀಮಿನ ಫೋಟೋ, ನಿಂತವ್ರು ಕುಂತವ್ರು ಅಂತ ಹೆಸರು ಸಮೇತ. ನಮ್ದು "ಲೇಡೀಸ್ ಟೀಮೂ ಭಾಗವಹಿಸಿತ್ತು" ಅಂತ ಒಂದ್ ಸಾಲು. ಆಟ ಹುಟ್ಟಿದ ಮರು ವರ್ಷ, 1892ಕ್ಕ, ಅಮೆರಿಕಾದ ಸ್ಮಿತ್ ಕಾಲೇಜಿನಾಗ ಸೆಂಡಾ ಬೆರೆನ್ಸನ್ ಅನ್ನೂ ಟೀಚರ್ ಹುಡುಗ್ಯಾರಿಗೆ ಕಲಿಸ್ಯಾಳ, 1893ರ ಮ್ಯಾಚಿಗೆ ಗಂಡಸ್ರನ್ನ ಒಳಗ ಬಿಟ್ಟಿರಲಿಲ್ಲ. ಅಂದ್ರ ನಾವು ಮೊದಲಿಂದನೂ ಇದ್ವಿ. ಹುಡುಕಬೇಕಂದ್ರ ಹುಡುಗ್ಯಾರ ಮದಿವಿ ಆದಮ್ಯಾಗ ಅಡ್ಡಹೆಸರು ಬದ್ಲಾಗಿರ್ತಾವು, ಅದಕ್ಕ ಕಾಲೇಜ್ ರೋಲ್ ಹಿಡ್ಕೊಂಡು ಹೋದ್ರ ಸಿಗಂಗಿಲ್ಲ, ಒಬ್ಬಾಕಿನ ಹಿಡದ್ರ ಆಕಿ ಫೋನಿನಾಗ ಐದ್ ಮಂದಿ ಇರ್ತಾರ. ಹಂಗ ಹೋಗ್ರಿ. ಅವರ ಹಂತ್ಯಾಕ ಫೋಟೋ ಇರ್ತಾವು, ಟ್ರಂಕಿನಾಗ, ರೇಷ್ಮಿ ಸೀರಿ ಕೆಳಗ. ಫೋಟೋ ಕಾಜಿನಿಂದ ಹೊರಗ ತಗ್ಯಾಕ ಜಬರದಸ್ತಿ ಮಾಡಬ್ಯಾಡ್ರಿ, ಅಂಟಿರ್ತೈತಿ, ಹರೀತೈತಿ. ಕಿಟಕಿ ಬೆಳಕಿನಾಗ ಫ್ಲ್ಯಾಶ್ ಹಾಕದ, ಸ್ವಲ್ಪ ಓರೆ ಹಿಡದು ಫೋನಿಲೆ ತಗೋರಿ. ಬಿಡಿ ಫೋಟೋ ಇದ್ರ ಹಿಂಬದಿನೂ ತಗೋರಿ, ಸ್ಟುಡಿಯೋ ಸಿಕ್ಕಾ ಇರ್ತೈತಿ.

ಪದ್ಧತಿಗಳು

ಪದ್ಧತಿ ಅಂದ್ರ ದೊಡ್ಡದ ಇರಬೇಕಂತಿಲ್ಲ. ಅಲೆನ್ ಫೀಲ್ಡ್‌ಹೌಸಿನಾಗ ಇವತ್ತು ಜಗತ್ತೆಲ್ಲಾ ಫೋಟೋ ಹೊಡ್ಕೊಳ್ಳೋ "ಬಿವೇರ್ ಆಫ್ ದ ಫಾಗ್" ಬ್ಯಾನರ್ ಐತಲ್ಲ, ಅದರ ಮೊದಲನೇದನ್ನ 1988ಕ್ಕ ಹುಡುಗ್ರು ಹಾಸ್ಟೆಲ್ಲಿನ ಬಚ್ಚಲ ಪರದೆ ಹರದು ಹೊಲದು ಬಣ್ಣ ಹಚ್ಚಿ ಮಾಡಿದ್ದು. ಎದುರ ಟೀಮಿನವ್ರ ಹೆಸರು ಹೇಳೂ ಮುಂದ ಅಲ್ಲಿ ಸ್ಟೂಡೆಂಟ್ಸು ಪೇಪರ್ ತಗದು ಮಾರಿ ಮುಂದ ಹಿಡ್ಕೊಂಡು ಓದಿದಂಗ ಮಾಡ್ತಾರ, ನೀವ್ ಯಾರೋ ನಮಗ ಗೊತ್ತಿಲ್ಲಪಾ ಅನ್ನೂವಂಗ, ಆಮ್ಯಾಗ ಅದ ಪೇಪರ್ ಚೂರು ಮಾಡಿ ತೂರ್ತಾರ. ಯಾವ ಮ್ಯಾನೇಜ್ಮೆಂಟೂ ಸರ್ಕ್ಯುಲರ್ ಹೊರಡ್ಸಿ ಮಾಡಿದ್ದಲ್ಲ ಇವು. ಡ್ಯೂಕ್ ಯೂನಿವರ್ಸಿಟಿ ಕ್ಯಾಮರನ್ ಸ್ಟೇಡಿಯಂ ಹೊರಗ ಟಿಕೆಟ್ಟಿಗಾಗಿ ಟೆಂಟ್ ಹಾಕ್ಕೊಂಡು ಮಲಗೋದು 1986ರಿಂದ ನಡದೇತಿ, ಆ ಟೆಂಟ್ ಜಾಗಕ್ಕ ಊರಿಗೆ ಇಟ್ಟಂಗ ಒಂದ್ ಹೆಸರ ಇಟ್ಟಾರ. ನಮ್ಮಲ್ಲೂ ಇಂಥಾವ ಇರ್ತಾವು, ನಮಗ ಅವು ಪದ್ಧತಿ ಅನ್ಸಂಗಿಲ್ಲ ಅಷ್ಟ.

ಬರ್ಕೊಳ್ಳೂ ಮುಂದ ಯಾರು ಶುರು ಮಾಡ್ತಾರ, ಯಾವ ಹೊತ್ತಿಗೆ, ಕೈಯಾಗ ಏನಿರ್ತೈತಿ, ಏನ್ ಅಂತಾರ, ಇಷ್ಟು ಇರಬೇಕು. ನಮ್ಮಲ್ಲಿ ಖಂಡೆ ಪೂಜಿ ದಿನ ಎಲ್ಲಾ ಬಾಲ್ ತೊಳದು ಮಿಡಲ್ ಸರ್ಕಲಿನಾಗ ಇಟ್ಟು, ಇಬತ್ತಿ ಕುಂಕುಮ ಹಚ್ಚಿ, ಕಂಬಕ್ಕ ಚೆಂಡ್ ಹೂವಿನ ಮಾಲಿ, ಟೆಂಗಿನಕಾಯಿ ಒಡ್ಯಾಂವ ಮಾತ್ರ ಯಾವಾಗ್ಲೂ ಆ ವರ್ಷ ಟೀಮಿಗೆ ಸೆಲೆಕ್ಟ್ ಆಗದ ಉಳದಾಂವ. ಇದ್ಯಾಕ ಹಂಗ ಅಂತ ಯಾರಿಗೂ ಗೊತ್ತಿಲ್ಲ, ಆದ್ರ ಯಾರೂ ತಪ್ಪಿಸಿಲ್ಲ. ಮರು ದಿನ ಸಂಜಿಕ ಹಳೇ ಆಟಗಾರ್ರು ಬರ್ತಾರ, ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಅಂದ ಮ್ಯಾಲೆನ ಮ್ಯಾಚು. ಫೈನಲ್ ಇಯರ್ ಪರೀಕ್ಷಾ ಮುಗದ ದಿನ ಒಂದ್ ಫ್ರೀ ಥ್ರೋ, ಬೀಳೂ ತನಕಾ ಮನಿಗೆ ಹೋಗಂಗಿಲ್ಲ. ನಾನು ಹದಿನಾರನೇ ಸಲಕ್ಕ ಹಾಕಿದೆ, ಬಸ್ ತಪ್ಪಿತು.

ಎರವಲು ತಂದಿದ್ದು ಇದ್ರ ಅದನ್ನೂ ಹೇಳ್ರಿ. ಗೆದ್ದ ಮ್ಯಾಲೆ ನೆಟ್ ಕತ್ತರಿಸೋದು ಅಮೆರಿಕಾದ ಕಾಲೇಜ್ ಆಟದಾಗ ಎವರೆಟ್ ಕೇಸ್ ಅನ್ನೂ ಕೋಚು 1947ಕ್ಕ ಬೆಳೆಸಿದ್ದು. ನಮ್ಮ ಹುಡುಗ್ರು ಟೀವಿಯಾಗ ನೋಡಿ ಒಮ್ಮೆ ಕತ್ತರಿ ತಗೊಂಡ್ ಏರಿದ್ರು, ನೆಟ್ಟಿನ ರೊಕ್ಕ ಯಾರಪ್ಪ ಕೊಡ್ತಾನ ಅಂತ ಪಿ.ಡಿ. ಸರ್ ಕೆಳಗ ನಿಂತಿದ್ರು. ಆವತ್ತಿಂದ ನೆಟ್ ಬದ್ಲಿ ಶೂ ಲೇಸ್ ಬಿಚ್ಚಿ ರಿಂಗಿಗೆ ಕಟ್ತಾರ. ಈಗ ಅದು ನಮ್ದ ಪದ್ಧತಿ, ಅದರ ಹುಟ್ಟು ಇಷ್ಟ.

ಸತ್ತ ಪದ್ಧತಿಗಳನ್ನೂ ಬರೀರಿ. ಫಿಲಡೆಲ್ಫಿಯಾದಾಗ 1927ರ ಜನವರಿ 1ಕ್ಕ ಓಪನ್ ಆದ ಪಲೆಸ್ಟ್ರಾ ಅಂತ ಅರೀನಾ ಐತಿ, ಅಲ್ಲಿ ತಮ್ಮ ಟೀಮು ಮೊದಲನೇ ಬಾಸ್ಕೆಟ್ ಹಾಕಿದ್ ಕೂಡ್ಲೆ ಸ್ಟೂಡೆಂಟ್ಸು ಬಣ್ಣಬಣ್ಣದ ಕಾಗದದ ಪಟ್ಟಿ ನೆಲದ ಮ್ಯಾಲೆ ತೂರ್ತಿದ್ರು. 1980ರ ದಶಕದಾಗ ರೂಲ್ ತಂದು ನಿಲ್ಲಿಸಿದ್ರು. ನಿಂತ್ರೂ ಅದನ್ನ ಬಿಟ್ಟು ಪಲೆಸ್ಟ್ರಾದ ಹಿಸ್ಟರಿ ಯಾರೂ ಹೇಳಂಗಿಲ್ಲ. ನಮ್ಮಲ್ಲಿ ಫಸ್ಟ್ ಇಯರಿನವ್ರಿಂದ ಮಾಡಿಸ್ತಿದ್ದ ಕೆಲವು ಇದ್ವು, ಈಗಿನ ಲೆಕ್ಕದಾಗ ಅದು ಸೀದಾ ರ‍್ಯಾಗಿಂಗ್. ಅದನ್ನ ಮುಚ್ಚಿಡಬ್ಯಾಡ್ರಿ, ಮತ್ತ ಹೊಳ್ಳಿ ಶುರುನೂ ಮಾಡಬ್ಯಾಡ್ರಿ, ಇತ್ತು, ನಿಂತು ಹೋತು ಅಂತ ಬರೀರಿ.

ದಂತಕತಿ ಬಂದಾವಂದ್ರ ಅಳಸಬ್ಯಾಡ್ರಿ, ಆದ್ರ ಬ್ಯಾರೆ ಇಡ್ರಿ. ಕ್ಯಾಮರನ್ ಸ್ಟೇಡಿಯಂ ಪ್ಲಾನನ್ನ ಮೊದ್ಲ ಕಡ್ಡಿಪೆಟ್ಟಿಗಿ ಮ್ಯಾಲೆ ಗೀಚಿದ್ರು ಅಂತ ಒಂದ್ ಕತಿ ಐತಿ, ಅಲ್ಲಿಯವ್ರು ಅದನ್ನ ಕತಿ ಅಂತನ ಹೇಳ್ತಾರ. ಅದರ ಡಿಸೈನ್ ಮಾಡಿದ ಜೂಲಿಯನ್ ಏಬಲ್ ಅನ್ನೂ ಕರಿಯ ಆರ್ಕಿಟ್ಟೆಕ್ಟ್ ಹೆಸರು ಮಾತ್ರ ಭಾಳ ವರ್ಷ ಯಾರ ಬಾಯಾಗೂ ಇರಲಿಲ್ಲ, ನೋಡ್ರಿ ಮತ್ತ, ಕಡ್ಡಿಪೆಟ್ಟಿಗಿ ನೆನಪಿತ್ತು ಮನಷ್ಯಾ ನೆನಪಿರಲಿಲ್ಲ. ನಮ್ಮ ಕೋರ್ಟ್ ಬಗ್ಗೆನೂ, ಒಬ್ಬ ಮಿಲಿಟರಿ ಸಾಹೇಬ ಜೀಪಿನಾಗ ಕಂಬ ತಂದ್ ಕೊಟ್ಟ ಅಂತ ಮೂರ್ ಮಂದಿ ಮೂರ್ ಥರ ಹೇಳಿದ್ರು. ಡೆಡ್ ಸ್ಟಾಕಿನಾಗ ನೋಡಿದ್ರ ಶಹಾಪುರದ ಒಬ್ಬ ವೆಲ್ಡರಿಗೆ ರೊಕ್ಕ ಕೊಟ್ಟ ಎಂಟ್ರಿ. ಎರಡೂ ಬರದೇನಿ, ಮೊದಲನೇದಕ್ಕ "ಅಂತ ಹೇಳ್ತಾರ" ಸೇರಿಸಿ.

ಬರದ ಮ್ಯಾಲೆ

ಸುವನೀರಿನಾಗ ಬಂತು ಅಂದ್ರ ಉಳೀತು ಅಂತಲ್ಲ, ಸುವನೀರ್ ಮನಿಗೆ ಹೋಗಿ ಚುನಮುರಿ ಪೊಟ್ಟಣ ಆಗ್ತೈತಿ. ಅಳತಿ ಹಾಳಿ, ಫೋಟೋ ಪ್ರಿಂಟು, ಮಾತು ಬರ್ಕೊಂಡಿದ್ದು, ಎಲ್ಲಾ ಒಂದ ಫೈಲ್ ಮಾಡಿ ಬೈಂಡ್ ಹಾಕ್ಸಿ ಲೈಬ್ರರಿಗೆ ಕೊಡ್ರಿ, ಕೊಟ್ಟು ಎದ್ದ್ ಬರಬ್ಯಾಡ್ರಿ, ಅಕ್ಸೆಶನ್ ನಂಬರ್ (ಲೈಬ್ರರಿ ರಜಿಸ್ಟರಿನಾಗ ಪುಸ್ತಕಕ್ಕ ಕೊಡೂ ನಂಬರ್) ಹಾಕೂ ತನಕಾ ಅಲ್ಲೇ ಕುಂದರ್ರಿ. ನಂಬರ್ ಬಿದ್ದ ಪುಸ್ತಕನ ಹಂಗ ಸುಮ್ನ ರದ್ದಿಗೆ ಹಾಕಾಕ ಬರಂಗಿಲ್ಲ, ಆಡಿಟಿನಾಗ ಕೇಳ್ತಾರ. ರೆಕಾರ್ಡಿಂಗು ಇಬ್ರು ಮೂವರ ಕಡೆ ಇಡ್ರಿ, ಒಂದ್ ಪೆನ್‌ಡ್ರೈವ್ ನಂಬಿ ಕುಂದರಬ್ಯಾಡ್ರಿ. ಮಾತಾಡಿದವ್ರಿಗೆ ಅಚ್ಚಾಗೂ ಮೊದ್ಲ ಓದಿ ಹೇಳ್ರಿ, ಕಾಕಾಗ ಓದಿ ಹೇಳಿದಾಗ "ಐದಕ್ಕ ಅಲ್ಲವಾ, ನಾಕೂವರಿಗೆ" ಅಂತ ತಿದ್ದಿಸಿದ್ರು.

ಇನ್ನೊಂದು, ಮುಂದ ಕೋರ್ಟಿಗೆ ಬಣ್ಣ ಹಚ್ಚೂ ಮುಂದ ಪೇಂಟರಿಗೆ ಹೇಳಿ ಹಳೇ ಪದರು ಕಾಣೂವಂಗ ಒಂದ್ ಮೂಲಿ ಅಂಗೈ ಅಗಲ ಬಿಡಸ್ರಿ. ನಾನು ಹೇಳಿದ್ದೆ, ಚಾಕಿಲೆ ಚೌಕ ಹಾಕಿ ತೋರ್ಸಿದ್ದೂ ಆತು. ಮೇ ತಿಂಗಳದಾಗ ಜುಬಿಲಿ ಅಂತ ಹಚ್ಚಿದ್ರು. ಹೋಗಿ ನೋಡಿದ್ರ ಹಳದಿ ಗೆರಿ ಮ್ಯಾಲೆ ಮೂರು ಕೋಟು ನೀಲಿ, ಚಂದಾಗಿ, ಒಂಚೂರೂ ಬಿಡದ. "ಅಲ್ಲಿ ಬಣ್ಣ ಎದ್ದಿತ್ರಿ ಮೇಡಂ, ಅದಕ್ಕ ಅಲ್ಲೆ ಒಂದ್ ಕೈ ಜಾಸ್ತಿನ ಹೊಡದೇನಿ" ಅಂದ ಪೇಂಟರ್.